ಗೇರ್‌ಬಾಕ್ಸೂ ಕಪ್ಪೆಣ್ಣೆಯೂ

ಗುರುಪಾದಪ್ಪನವರು ತಮ್ಮ ಆಟೋಮ್ಯಾಟಿಕ್ ಕಾರನ್ನು ಹದಿನೆಂಟು ಆಯುಧಪೂಜೆಗಳಿಗೆ ತೊಳೆದು ಹಾರ ಹಾಕಿದ್ದರು. ಗೇರ್‌ಬಾಕ್ಸಿನ ಎಣ್ಣೆಯನ್ನು ಮಾತ್ರ ಒಮ್ಮೆಯೂ ಬದಲಾಯಿಸಿರಲಿಲ್ಲ. ಅದು ಕಣ್ಣಿಗೆ ಕಾಣುವ ಜಾಗವಲ್ಲವಲ್ಲ. ಈ ಸಲ ಗೇರ್ ಬದಲಾಗುವಾಗ ಕಾರು ಜರ್ಕ್ ಹೊಡೆಯತೊಡಗಿತು. ಹಬ್ಬದ ಹಿಂದಿನ ದಿನ ಗ್ಯಾರೇಜಿಗೆ ತಂದರು.

"ಒಳಗಿರುವುದನ್ನೆಲ್ಲ ತೊಳೆದು ಹೊಸ ಎಣ್ಣೆ ತುಂಬು," ಎಂದರು.

ಮೆಕ್ಯಾನಿಕ್ ದಸ್ತಗೀರ್ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿ ನೋಡಿದ. "ಇಷ್ಟು ತಡವಾದ ಮೇಲೆ ತೊಳೆಯೋದು ಬೇಡ ಸಾರ್. ಸ್ವಲ್ಪ ಸ್ವಲ್ಪವೇ ಬದಲಾಯಿಸೋಣ. ಎರಡು ತಿಂಗಳು ಹಿಡಿಯುತ್ತೆ."

"ಪೂಜೆ ನಾಳೆ ಕಣಯ್ಯ."

ದಸ್ತಗೀರ್ ತೊಳೆಯುವ ಯಂತ್ರದ ಪೈಪು ಸಿಕ್ಕಿಸಿದ. ಹೊರಹೋಗುತ್ತಿದ್ದ ಕಪ್ಪೆಣ್ಣೆಗೆ ಗೇರ್‌ಬಾಕ್ಸು ಹೇಳಿತು, "ಹೋಗು. ನಿನ್ನ ಕೊಳೆ ಹೊತ್ತು ಸಾಕಾಗಿದೆ."

"ಅದು ನನ್ನ ಕೊಳೆಯಲ್ಲ," ಎಂದಿತು ಎಣ್ಣೆ. "ನಿನ್ನ ಕ್ಲಚ್ ಪ್ಲೇಟುಗಳು ಸವೆದು ಉದುರಿದ ಪುಡಿ. ನಾನು ಇನ್ನೂ ಕೆಂಪಗಿದ್ದಾಗ, ಹೀಗೆ ಕಪ್ಪಾಗುವ ಮೊದಲೇ ಕಳಿಸಿದ್ದರೆ ನೀನು ಇಷ್ಟು ಸವೆಯುತ್ತಿರಲಿಲ್ಲ. ಈಗ ಆ ಪುಡಿಯಿಂದಲೇ ಪ್ಲೇಟುಗಳು ಒಂದನ್ನೊಂದು ಹಿಡಿದುಕೊಂಡಿವೆ. ಅದೂ ನನ್ನ ಜೊತೆ ಹೋಗುತ್ತಿದೆ."

ಗೇರ್‌ಬಾಕ್ಸು ಆಗಲೇ ಹೊಸ ಎಣ್ಣೆಯ ತಂಪಿನಲ್ಲಿ ಮೈಮರೆತಿತ್ತು, ಕೇಳಿಸಿಕೊಳ್ಳಲಿಲ್ಲ.

ಕಾರು ಹೇಗೋ ಮನೆ ಸೇರಿತು. ಬೆಳಿಗ್ಗೆ ಮಂಗಳಾರತಿಯಾಯಿತು. ನಾಲ್ಕು ಚಕ್ರಗಳ ಕೆಳಗೂ ನಿಂಬೆಹಣ್ಣು ಇಟ್ಟರು. ಗುರುಪಾದಪ್ಪನವರು ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿದರು. ಎಂಜಿನ್ ಅರಚಿತು, ಕಾರು ಕದಲಲಿಲ್ಲ.

"ಹಿಡಿದುಕೋ," ಎಂದು ಗೇರ್‌ಬಾಕ್ಸು ಬೇಡಿತು.

"ಏನನ್ನು ಹಿಡಿಯಲಿ?" ಎಂದಿತು ಹೊಸ ಎಣ್ಣೆ. "ನಾನು ಬರುವಷ್ಟರಲ್ಲಿ ಇಲ್ಲಿ ಏನೂ ಉಳಿದಿರಲಿಲ್ಲ."

ಗುರುಪಾದಪ್ಪನವರು ಕೆಳಗಿಳಿದು, ಏನು ಮಾಡಲೂ ತೋಚದೆ, ಬಾನೆಟ್ಟನ್ನು ಇನ್ನೊಮ್ಮೆ ಒರೆಸಿದರು. ಚಕ್ರಗಳಡಿಯ ನಿಂಬೆಹಣ್ಣುಗಳು ಇಟ್ಟಲ್ಲೇ ಇದ್ದವು.