ಕಾವಲುಗಾರನ ಮಂಟಪ

"ಗುರುಗಳೇ, ನೀವಿಲ್ಲವಾದ ಮೇಲೆ ನಿಮ್ಮ ಮಾತನ್ನು ಕಾಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಉತ್ತರವನ್ನು ಅವನು ಆಗಲೇ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. ಗುರುವಿಗೊಂದು ಕಲ್ಲಿನ ಗದ್ದುಗೆ ಕಟ್ಟಿಸಬೇಕೆಂದು, ಮಠದಲ್ಲಿ ದಾರಿಹೋಕರಿಗೆ ಗುರುವಿನ ಮಾತಿನಂತೆ ಹಾಕುವ ಗಂಜಿಯಲ್ಲಿ ದಿನವೂ ಹಿಡಿ ಅಕ್ಕಿ ಕಡಿಮೆ ಮಾಡಿ, ಉಳಿದದ್ದನ್ನು ಮಾರಿ, ದುಡ್ಡು ಗಂಟು ಕಟ್ಟಿದ್ದ. ಗುರುವಿಗೆ ಇದು ಗೊತ್ತಿಲ್ಲವೆಂದು ಅವನ ಎಣಿಕೆ.

ಇಬ್ಬರೂ ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಗುರು ಲೋಟವನ್ನು ಊದಿ ಒಂದು ಗುಟುಕು ಹೀರಿದ.

"ನಡುಗಡಲಿನಲ್ಲಿ ಒಂದು ದ್ವೀಪವಿದೆ. ಅದನ್ನು ನೀರಿನಿಂದ ಮೇಲೆತ್ತಿ ನಿಲ್ಲಿಸಿದವನೇ ನಾನು," ಎಂದ. ಶಿಷ್ಯ ಕಣ್ಣರಳಿಸಿದ. "ಸುಳ್ಳು," ಎಂದ ಗುರು. "ನನಗೆ ಈಜೂ ಬಾರದು. ಮುಂದಿನದನ್ನು ನಂಬುವುದು ಬಿಡುವುದು ನಿನಗೆ ಸೇರಿದ್ದು."

ಆ ದ್ವೀಪದ ನಡುವೆ ಒಂದು ಬೆಟ್ಟ. ದೇವರು ಅದರೊಳಗೇ ಇದ್ದಾನೆಂದು ಜನರ ನಂಬಿಕೆ. ಕಡಲಿಗೆ ಹೋದವರು ದಿಕ್ಕು ತಪ್ಪಿದರೆ ಅದರ ತುದಿಯನ್ನೇ ಹುಡುಕುತ್ತಿದ್ದರು. ಬೆಟ್ಟ ಕಂಡರೆ ಮನೆ ಕಂಡಂತೆ. ಬುಡದಲ್ಲಿ ಕಲ್ಲಿನ ಕಾವಲುಗಾರನೊಬ್ಬ ನಿಂತಿದ್ದ. ಬೆಟ್ಟಕ್ಕೆ ಕೇಡು ಬಂದರೆ ಕೂಗಬೇಕೆಂದು ಶಿಲ್ಪಿ ಅವನಿಗೆ ಮಂತ್ರ ಹಾಕಿದ್ದ. ಹಾಗಾಗಿ ಒಲೆ ಹೂಡಲೂ ಯಾರೂ ಬೆಟ್ಟದ ಕಲ್ಲು ಮುಟ್ಟುತ್ತಿರಲಿಲ್ಲ.

ಕಾವಲುಗಾರನಿಗೆ ಕೊಡುವುದು ಬೇರೆ ಮಾತು. ಗಂಡ ಕಡಲಿಗಿಳಿದ ದಿನ ಹೆಂಡತಿ ಬೆಟ್ಟದ ತುದಿಯಿಂದ ಒಂದು ಕಲ್ಲು ಹೊತ್ತು ತಂದು ಅವನ ಮುಂದಿಡಬೇಕು, ಅದೇ ಹರಕೆ. ಆ ಕಲ್ಲುಗಳಿಂದ ಮೊದಲು ಕಟ್ಟೆ ಎದ್ದಿತು. ಆಮೇಲೆ ಮಂಟಪ, ಮಂಟಪದ ಸುತ್ತ ಪೌಳಿಗೋಡೆ. ಬೆಟ್ಟದ ಕಲ್ಲು ಬೆಟ್ಟದ ಕಾವಲಿಗೇ ಸಂದರೆ ನಷ್ಟವೇನು ಎಂದರು ಹಿರಿಯರು.

ಅಲ್ಲಿ ಒಬ್ಬ ಬೆಸ್ತರ ಹೆಂಗಸು. ಗಂಡನೆಂದರೆ ಅವಳಿಗೆ ಜೀವ. ಉಳಿದವರು ತೆಂಗಿನಕಾಯಿಯಷ್ಟು ಕಲ್ಲು ತಂದರೆ ಇವಳು ಕುಂಬಳಕಾಯಿಯಷ್ಟು ತರುವಳು. ಒಂದು ಬೆಳಿಗ್ಗೆ ತುದಿಯ ಕಲ್ಲು ಮೀಟುತ್ತಿದ್ದಾಗ ಕೆಳಗಿನಿಂದ ಕೂಗು ಕೇಳಿಸಿತು. ನೀರಿನಲ್ಲಿ ಮುಳುಗುವವನ ಕೂಗಿನಂತಿತ್ತು. ಓಡಿಬಂದು ಮಂಟಪದ ಪೂಜಾರಿಯ ಮುಂದೆ ನಿಂತಳು.

"ಅಯ್ಯಾ, ಕಾವಲುಗಾರ ಕೂಗಿದ. ಬೇಡ ಅಂದ ಹಾಗಿತ್ತು."

"ಸಂತೋಷಕ್ಕೆ ಕೂಗಿದ್ದು, ತಂಗೀ. ಕೊಟ್ಟದ್ದನ್ನು ಬೇಡ ಅನ್ನುವ ದೇವರನ್ನು ನೀನೆಲ್ಲಾದರೂ ಕಂಡಿದ್ದೀಯಾ?"

ಗಂಡ ಕಡಲಿನಲ್ಲಿದ್ದ. ಅವಳಿಗೆ ನಂಬುವುದೇ ಬೇಕಾಗಿತ್ತು. ಹಿಂದಿರುಗಿ ಆ ಕಲ್ಲನ್ನು ಹೊತ್ತು ತಂದಳು. ಅಂದಿನಿಂದ ಕೂಗು ದಿನವೂ ಬಂತು. ಶುಭವೆಂದು, ಅವನು ಕೂಗಿದಾಗಲೆಲ್ಲ ಜನ ಜಾಗಟೆ ಬಾರಿಸತೊಡಗಿದರು. ಬರಬರುತ್ತಾ ಜಾಗಟೆಯಷ್ಟೇ ಕೇಳಿಸಿತು.

ಒಂದು ವರ್ಷ ಗಾಳಿ ಮುಂಚೆಯೇ ಎದ್ದಿತು. ಹೋದ ದೋಣಿಗಳು ಬರಲಿಲ್ಲ. ಗಾಳಿ ಅಡಗಿದ ಮೇಲೆ, ಹಾಯಿ ಕಂಡೀತೆಂದು ಅವಳು ಬೆಟ್ಟ ಹತ್ತಿದಳು. ಹತ್ತತೊಡಗುವಷ್ಟರಲ್ಲಿ ಹತ್ತುವುದೇ ಮುಗಿಯಿತು. ಅತ್ತ ತೆಂಗಿನ ತಲೆಗಳು, ಇತ್ತ ಪೌಳಿಗೋಡೆ, ಎರಡೂ ಅವಳಿಗಿಂತ ಎತ್ತರ. ಗೋಡೆಯಲ್ಲಿ ದೊಡ್ಡ ಕಲ್ಲುಗಳೆಲ್ಲ ಅವಳವೇ. ಇಲ್ಲಿಂದ ಕಡಲು ಕಾಣದ ಮೇಲೆ ಕಡಲಿನಿಂದ ಇದು ಕಾಣುವುದೆಲ್ಲಿ ಬಂತು?

ಪಕ್ಕದ ದ್ವೀಪದವರು ಬಂದು ಹೇಳಿದರು. ಗಾಳಿ ನಿಂತ ಮೇಲೂ ದೋಣಿಗಳು ಇದೇ ನೀರಿನಲ್ಲಿ ಸುತ್ತುತ್ತಿದ್ದುವಂತೆ. ಬೆಟ್ಟವೆಲ್ಲಿ ಎಂದು ದೋಣಿಯವರು ಕೂಗಿ ಕೇಳಿದರಂತೆ. ಇವರು ಕೈತೋರುವಷ್ಟರಲ್ಲಿ ತೆಂಕಣದ ಮಂಜಿನೊಳಗೆ ಹೋದುವಂತೆ.

ಗುರು ಇನ್ನೊಂದು ಗುಟುಕು ಹೀರಿದ.

"ಆ ಹೆಂಗಸು ಏನಾದಳು?" ಎಂದು ಶಿಷ್ಯ ಕೇಳಿದ.

ಈಗಲೂ ಕಲ್ಲು ಹೊರುತ್ತಾಳೆ ಎಂದ ಗುರು. ಪೌಳಿಯಿಂದ ಕಿತ್ತು ಬೆಟ್ಟಕ್ಕೆ. ದೇವರ ಆಸ್ತಿ ಕದಿಯುವವಳೆಂದು ಜನ ಅವಳನ್ನು ಹೊಡೆಯುತ್ತಾರೆ. ಅವಳು ಕಲ್ಲು ಕೀಳುವಾಗ ಮಾತ್ರ ಕಾವಲುಗಾರ ಕೂಗುವುದಿಲ್ಲ.

ಶಿಷ್ಯನ ಕೈ ತಾನಾಗಿ ಸೊಂಟದ ಗಂಟಿನ ಮೇಲೆ ಹೋಯಿತು. ಗುರು ಲೋಟ ಬರಿದು ಮಾಡಿ ಎದ್ದ.

"ಚಹಾದ ದುಡ್ಡನ್ನು ಆ ಗಂಟಿನಿಂದಲೇ ಕೊಡು, ನನ್ನ ಗದ್ದುಗೆಯ ಮೊದಲ ಕಲ್ಲನ್ನು ನಾನೇ ಕಿತ್ತ ಹಾಗಾಗುತ್ತದೆ."