ಕೆಮ್ಮಣ್ಣು ಹತ್ತಿದ ಬಾಯಿ

“ಅಜ್ಜಾರೇ, ನನ್ನನ್ನು ಕಾಯಬೇಕಾದದ್ದೇ ನನ್ನನ್ನು ಕಚ್ಚುತ್ತಿದೆಯಂತೆ. ಹೀಗೂ ಉಂಟೇ?”

ಮಠದ ಹಿರಿಯ ಸ್ವಾಮಿಗಳಾದ ಅಜ್ಜಾರನ್ನು ಅಲ್ಲಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಅಡವಯ್ಯ ಕೇಳಿದ ಪ್ರಶ್ನೆ ಇದು. ಕೆಲವು ತಿಂಗಳಿಂದ ಅವನ ಬೆರಳಿನ ಕೀಲುಗಳು ಬಾತಿದ್ದವು. ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಹಿಟ್ಟು ಮುಟ್ಟಿದರೆ ಜೀವ ಹೋಗುತ್ತಿತ್ತು. ರೊಟ್ಟಿ ಬಡಿಯುವುದೊಂದೇ ಅವನು ಕಲಿತ ವಿದ್ಯೆ, ಅದೇ ಅವನ ಪೂಜೆ. ಪಟ್ಟಣದ ಆಸ್ಪತ್ರೆಗೆ ಹೋದ. ರಕ್ತ ತೆಗೆದು ಪರೀಕ್ಷೆ ಮಾಡಿದರು. ಡಾಕ್ಟರಮ್ಮ ಹೇಳಿದ್ದು ಇಷ್ಟು. ಹೊರಗಿನ ರೋಗಾಣು ಯಾವುದೂ ಇಲ್ಲ. ರೋಗಾಣುಗಳನ್ನು ಹೊಡೆಯಬೇಕಾದ ಮೈಯ ಕಾವಲು ಶಕ್ತಿಯೇ ದಾರಿ ತಪ್ಪಿ ಅವನ ಕೀಲುಗಳನ್ನು ತಿನ್ನುತ್ತಿದೆ. ಅದರ ಗುರುತು ರಕ್ತದಲ್ಲಿ ಸಿಕ್ಕಿದೆ. ಆ ಶಕ್ತಿಯನ್ನು ತಗ್ಗಿಸಲು ಮಾತ್ರೆ ಕೊಟ್ಟಿದ್ದರು. ಹೀಗೆಯೇ ಬಿಟ್ಟರೆ ಬೆರಳುಗಳು ಸೊಟ್ಟಗಾಗುತ್ತವೆ, ಮತ್ತೆ ನೇರವಾಗುವುದಿಲ್ಲ ಎಂದೂ ಹೇಳಿದ್ದರು.

ಅಡವಯ್ಯ ಮಾತ್ರೆಗಳನ್ನು ಗೋಡೆಯ ಗೂಡಿನಲ್ಲಿಟ್ಟ. ಮುಟ್ಟಲಿಲ್ಲ.

“ಕಾವಲು ತಗ್ಗಿಸಿಕೊಂಡು ಯಾರಾದರೂ ಬದುಕುತ್ತಾರೆಯೇ ಅಜ್ಜಾರೇ? ನನಗೆ ಶಕ್ತಿ ಸಾಲದೆ ಹೀಗಾಗಿದೆ. ಬಸ್ ಸ್ಟ್ಯಾಂಡಿನ ಅಂಗಡಿಯವನು ಆ ಕಾವಲು ಶಕ್ತಿ ಹೆಚ್ಚಿಸುವ ಪುಡಿ ಕೊಟ್ಟಿದ್ದಾನೆ. ಎರಡು ಹೊತ್ತೂ ಕಷಾಯ ಮಾಡಿ ಕುಡಿಯುತ್ತಿದ್ದೇನೆ. ಬಾವು ಮಾತ್ರ ಇಳಿಯುತ್ತಿಲ್ಲ, ಅದಕ್ಕೇ ಇನ್ನೊಂದು ಚಮಚ ಜಾಸ್ತಿ ಹಾಕಿದ್ದೇನೆ” ಎಂದ. ಬಿಸಿ ಲೋಟ ಆರಲೆಂದು ಅವನ ಪಕ್ಕದಲ್ಲೇ ಇತ್ತು.

ಅಜ್ಜಾರು ಲೋಟ ನೋಡಿದರು. ಬಾತ ಬೆರಳು ನೋಡಿದರು. “ಹೀಗೂ ಉಂಟೇ ಅಂತ ಕೇಳಿದೆಯಲ್ಲ, ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ನಿನಗೆ ಆ ಚಟ ಇದೆ” ಎಂದು ಶುರು ಮಾಡಿದರು.

ಒಬ್ಬ ಕುರಿಗಾಹಿ ಇದ್ದ. ಅವನಿಗೆ ಒಬ್ಬ ಹೆಂಡತಿ, ಒಂದು ಹಿಂಡು, ಒಂದು ನಾಯಿ. ಹೊಲ ಇಲ್ಲ, ಮನೆ ಇಲ್ಲ. ಹಿಂಡು ಇದ್ದರೆ ಅನ್ನ. ಹಿಂಡು ಹೋದರೆ ಗಂಡ ಹೆಂಡತಿ ಇಬ್ಬರೂ ಕಂಡವರ ಬಾಗಿಲಲ್ಲಿ ಕೈಯೊಡ್ಡಿ ನಿಲ್ಲಬೇಕು.

ಕುರಿ ಕಾಯುವ ನಾಯಿಯನ್ನು ಕುರಿಗಾಹಿಗಳು ಸಾಕುವ ರೀತಿಯೇ ಬೇರೆ. ಕಣ್ಣು ಬಿಡುವ ಮುಂಚೆಯೇ ನಾಯಿಮರಿಯನ್ನು ತಂದು ಕುರಿಮರಿಗಳ ನಡುವೆ ಬಿಡುತ್ತಾರೆ. ಕುರಿಯ ಹಾಲು ಕುಡಿಸುತ್ತಾರೆ. ಅದು ಕುರಿಗೆ ಒತ್ತಿಕೊಂಡೇ ಮಲಗುತ್ತದೆ. ಕುರಿಯ ವಾಸನೆ ಅಂದರೆ ಅದಕ್ಕೆ ತನ್ನ ಮನೆಯ ವಾಸನೆ. ಬೆಳೆಯುವಾಗ ಆಟಕ್ಕಾದರೂ ಸರಿ, ಒಂದು ಮರಿಯ ಕಿವಿ ಕಚ್ಚಿತೋ, ಅಂಥ ನಾಯಿಯನ್ನು ಮುಲಾಜಿಲ್ಲದೆ ಹೊರಗೆ ಹಾಕುತ್ತಾರೆ. ಕಚ್ಚದೆ ಉಳಿದದ್ದೇ ಕಾವಲಿಗೆ. ಈ ನಾಯಿ ಹಾಗೆ ಉಳಿದದ್ದು. ಮರಿಗಳು ಅದರ ಬೆನ್ನೇರಿ ಕುಣಿದರೂ ಗುರ್ ಅನ್ನುತ್ತಿರಲಿಲ್ಲ. ಕುರಿಗಾಹಿಗೆ ಅದೆಂದರೆ ಪ್ರಾಣ. ಹೆಂಡತಿಗೆ ಹೊಟ್ಟೆಕಿಚ್ಚಾಗುವಷ್ಟು ಪ್ರಾಣ.

ಒಂದು ಚಳಿಗಾಲ ತೋಳ ಬಂತು. ನಾಯಿ ಬಿಡಲಿಲ್ಲ. ಬೆಳಗಾಗುವ ಹೊತ್ತಿಗೆ ತೋಳ ಸತ್ತು ಬಿದ್ದಿತ್ತು, ನಾಯಿಯ ಒಂದು ಕಿವಿ ಹರಿದಿತ್ತು. ಕುರಿಗಾಹಿಯ ಹಿಗ್ಗು ಏನು ಕೇಳುತ್ತೀ! ಎದುರಿಗೆ ಸಿಕ್ಕವರಿಗೆಲ್ಲ ಹೇಳಿದ. ಸಿಗದವರನ್ನು ಹುಡುಕಿಕೊಂಡು ಹೋಗಿ ಹೇಳಿದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ತೋಳದ ಚರ್ಮದ ಮೇಲೆ ಮಲಗಿದ ಮರಿಯನ್ನು ಬೇರೆ ತೋಳ ಮುಟ್ಟುವುದಿಲ್ಲ ಎಂದು ಅವನ ತಾತ ಹೇಳುತ್ತಿದ್ದನಂತೆ. ಇವನು ತೋಳದ ಚರ್ಮ ಸುಲಿದು, ಒಣಗಿಸಿ, ಮರಿಗಳ ದೊಡ್ಡಿಯೊಳಗೆ ಹಾಸಿದ. ಚಳಿಗೆ ಮರಿಗಳು ಅದರ ಮೇಲೆಯೇ ಒತ್ತೊತ್ತಾಗಿ ಮಲಗಿದವು.

ಸ್ವಲ್ಪ ದಿನ ಕಳೆಯಿತು. ಒಂದು ಬೆಳಗ್ಗೆ ನೋಡಿದರೆ ದೊಡ್ಡಿಯಲ್ಲಿ ಒಂದು ಮರಿ ಕುತ್ತಿಗೆ ಕಚ್ಚಿಸಿಕೊಂಡು ಸತ್ತಿತ್ತು.

ಕುರಿಗಾಹಿ ತಲೆ ಮೇಲೆ ಕೈ ಹೊತ್ತು ಕುಳಿತ. ಇನ್ನೊಂದು ತೋಳ ಬಂದಿದೆ ಎಂದ. ನಾಯಿಗೆ ಗಾಯವಾಗಿ ಸುಸ್ತಾಗಿದೆ, ಶಕ್ತಿ ಸಾಲದು ಎಂದ. ಮರಿ ಸತ್ತ ತಾಯಿಯ ಕೆಚ್ಚಲಲ್ಲಿ ಹಾಲು ಕಟ್ಟಿತ್ತು. ಅದನ್ನು ಕರೆದು ನಾಯಿಗೆ ಹೊಯ್ದ. ಮತ್ತೊಂದು ಮರಿ ಹೋಯಿತು. ಆ ತಾಯಿಯ ಹಾಲೂ ನಾಯಿಗೇ. ತನ್ನ ಪಾಲಿನ ರೊಟ್ಟಿಯಲ್ಲಿ ಅರ್ಧ ಮುರಿದು ಅದಕ್ಕೆ ಹಾಕಿದ. ದೊಡ್ಡಿಯ ಸುತ್ತ ಮುಳ್ಳುಬೇಲಿಯನ್ನು ಎತ್ತರಿಸಿದ. ಕೋಲು ಹಿಡಿದು ತಾನೇ ಕಾವಲು ಕುಳಿತ, ಮುಖ ಗುಡ್ಡದ ಕಡೆಗೆ, ಬೆನ್ನು ದೊಡ್ಡಿಯ ಕಡೆಗೆ. ತೋಳ ಬರುವುದು ಗುಡ್ಡದಿಂದ ತಾನೇ? ನಾಯಿ ಮೈ ತುಂಬಿಕೊಂಡಿತು. ಮರಿಗಳು ಕಡಿಮೆಯಾಗುತ್ತಾ ಹೋದವು. ತಾಯಿಕುರಿಗಳು ಹಗಲೆಲ್ಲ ಅರಚುತ್ತಿದ್ದವು. ಆ ಕೂಗು ಕೇಳಲಾಗದೆ ಹೆಂಡತಿ ಸೆರಗಿನಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಅವಳು ಒಂದು ಮಾತನ್ನು ದಿನಗಟ್ಟಲೆ ತಡೆದಿಟ್ಟುಕೊಂಡಿದ್ದಳು. ಒಂದು ಸಂಜೆ ಆಡಿಯೇ ಬಿಟ್ಟಳು.

“ತೋಳ ಬಂದರೆ ಮರೀನ ಹೊತ್ತುಕೊಂಡು ಹೋಗ್ತದೆ. ಇಲ್ಲಿ ಕಚ್ಚಿದ್ದು ಕಚ್ಚಿದಲ್ಲೇ ಬಿದ್ದಿದೆ. ನಾಯಿ ಒಂದು ಸಲಾನೂ ಬೊಗಳಿಲ್ಲ. ನನಗೆ ಇದರ ಮೇಲೇ ಅನುಮಾನ.”

“ನಿನ್ನ ನಾಲಿಗೆ ಸೇದಿಹೋಗಲಿ! ಮರಿಗಾಗಿ ಕಿವಿ ಹರಿಸಿಕೊಂಡ ಜೀವ ಅದು!”

ಅವಳು ಜಗಳ ಬೆಳೆಸಲಿಲ್ಲ. ಗುರುತಿಗೆಂದು ಕುರಿಗಳ ಬೆನ್ನಿಗೆ ಬಳಿಯುವ ಕೆಮ್ಮಣ್ಣು ಅವರ ಬಿಡಾರದಲ್ಲೇ ಇತ್ತು. ಅದನ್ನು ಎಣ್ಣೆಯಲ್ಲಿ ಕಲಸಿ, ಉಳಿದ ಮರಿಗಳ ಕುತ್ತಿಗೆಗೆ ದಪ್ಪಗೆ ಮೆತ್ತಿದಳು. ಕಚ್ಚಿದವರ ಬಾಯಿ ಬೆಳಗ್ಗೆ ತಾನೇ ಹೇಳ್ತದೆ ಎಂದಳು. ನಾಯಿಯ ಮೇಲಿನ ಅಪವಾದ ಕಳೆಯಲಿ ಎಂದು ಅವನೂ ಒಪ್ಪಿದ. ಮಲಗುವ ಮುಂಚೆ ಅದರ ಬಾಯನ್ನು ಒದ್ದೆ ಬಟ್ಟೆಯಿಂದ ತಾನೇ ಒರೆಸಿ ನೋಡಿದ. ಒಂದು ಕಲೆಯೂ ಇರಲಿಲ್ಲ.

ಬೆಳಗಾಯಿತು. ಮತ್ತೊಂದು ಮರಿ ಸತ್ತಿತ್ತು. ಅವನು ಮರಿಯ ಕಡೆ ನೋಡಲಿಲ್ಲ, ನಾಯಿಯನ್ನು ಕರೆದ. ಅದು ಬಾಲ ಆಡಿಸುತ್ತಾ ಓಡಿಬಂದು ಎಂದಿನಂತೆ ಅವನ ಅಂಗೈ ನೆಕ್ಕಿತು. ಅಂಗೈ ಕೆಂಪಾಯಿತು.

ರಕ್ತ ಇರಬೇಕು ಎಂದುಕೊಂಡ. ತೋಳದ ರಕ್ತವಾಗಿರಲಿ ದೇವರೇ ಎಂದುಕೊಂಡ. ಬೆರಳಿನಿಂದ ಉಜ್ಜಿ ನೋಡಿದ. ಎಣ್ಣೆಯ ಜಿಡ್ಡು, ಜಿಡ್ಡಿನೊಳಗೆ ಮಣ್ಣಿನ ತರಿ. ನಾಯಿಯ ಬಾಯಿ ಅಗಲಿಸಿ ನೋಡಿದ. ಹಲ್ಲಿನ ಸಂದಿಯಲ್ಲಿ ಕೆಮ್ಮಣ್ಣು ಹತ್ತಿದ ಉಣ್ಣೆಯ ಎಳೆಗಳಿದ್ದವು.

ಅಯ್ಯೋ! ಅವನು ಇದ್ದಲ್ಲೇ ಕುಳಿತ. ನಾಯಿ ಅವನ ಮುಖವನ್ನೇ ನೋಡುತ್ತಿತ್ತು. ಅದರ ಕಣ್ಣಿನಲ್ಲಿ ಕಳ್ಳತನ ಇರಲಿಲ್ಲ. ತೋಳವನ್ನು ಕೊಂದ ಬೆಳಗ್ಗೆ ಹೇಗೆ ನೋಡಿತ್ತೋ ಹಾಗೆಯೇ, ಶಹಬ್ಬಾಸ್ ಅನ್ನು ಎಂಬಂತೆ ನೋಡುತ್ತಿತ್ತು. ಆಗ ಅವನಿಗೆ ಹೊಳೆಯಿತು. ತೋಳದ ಚರ್ಮದ ವಾಸನೆ ಮರಿಗಳ ಮೈಗೆ ಹತ್ತಿದೆ. ಹಗಲು ನಾಯಿಯ ಕಣ್ಣಿಗೆ ಕಾಣುವುದು ಮರಿ. ಕತ್ತಲಲ್ಲಿ ಅದರ ಮೂಗಿಗೆ ಸಿಗುವುದು ತೋಳ. ಅದು ಕೊಂದದ್ದು ತೋಳವನ್ನೇ, ಪ್ರತಿ ಸಲವೂ ತೋಳವನ್ನೇ. ಚರ್ಮ ಹಾಸಿದವನು ತಾನು. ಹಾಲು ಹೊಯ್ದು ಅದರ ದವಡೆಗೆ ಬಲ ತುಂಬಿದವನೂ ತಾನು. ಅದೂ ಎಂಥ ಹಾಲು! ಸತ್ತ ಮರಿಗಳ ಪಾಲಿನ ಹಾಲು. ಅಂಥ ಸಂಕಟ ಹಗೆಯವನಿಗೂ ಬೇಡಪ್ಪ.

ಅವನು ಕೊಡಲಿ ಎತ್ತಿದ. ಹೆಂಡತಿ ಅಡ್ಡ ನಿಂತಳು.

“ಇವತ್ತು ಇದನ್ನ ಕಡಿದು ಹಾಕ್ತೀ. ನಾಳೆ ನಿಜವಾದ ತೋಳ ಬಂದರೆ ಬೊಗಳೋರು ಯಾರು, ನೀನಾ?”

ಕೊಡಲಿ ಇಳಿಯಿತು. ಅದೇ ಕೊಡಲಿಯಿಂದ ಜಾಲಿಮರದ ಕೊರಡೊಂದನ್ನು ಕಡಿದು ನಾಯಿಯ ಕೊರಳಿಗೆ ಕಟ್ಟಿದ. ನಡೆಯಬಹುದು, ಓಡಿದರೆ ಮೊಣಕಾಲಿಗೆ ಬಡಿಯಬೇಕು, ಅಂಥ ಕೊರಡು. ಚರ್ಮವನ್ನು ಸುಟ್ಟ. ಮರಿಗಳನ್ನು ಹಳ್ಳದಲ್ಲಿ ತೊಳೆದ. ಎಲ್ಲ ಸರಿಹೋಯಿತು ಎಂದು ತಿಳಿಯಬೇಡ. ಕತ್ತಲಾದರೆ ನಾಯಿ ಮರಿಗಳ ಕಡೆ ಮೂಗೆತ್ತಿ ಗುರುಗುಟ್ಟುತ್ತಲೇ ಇತ್ತು. ಒಮ್ಮೆ ಕಲಿತದ್ದನ್ನು ಆ ಮೂಗು ಮರೆಯಲಿಲ್ಲ. ಅದಕ್ಕೇ ಅವನು ಕೊರಡು ಬಿಚ್ಚಲಿಲ್ಲ. ತೋಳ ಬಂದಾಗ ನಾಯಿ ಬೊಗಳಿತು, ಬೆನ್ನಟ್ಟಲು ಆಗಲಿಲ್ಲ. ದೊಣ್ಣೆ ಹಿಡಿದು ಅವನೇ ಓಡಿದ. ಸಂಜೆಯಾದರೆ ಮರಿಗಳ ಕುತ್ತಿಗೆಗೆ ಕೆಮ್ಮಣ್ಣು ಮೆತ್ತುವುದು, ಬೆಳಗಾದರೆ ನಾಯಿಯ ಬಾಯಿ ನೋಡುವುದು. ಈ ರೂಢಿಯನ್ನು ನಾಯಿ ಇರುವವರೆಗೂ ತಪ್ಪಿಸಲಿಲ್ಲ. ಉಳಿದ ಮರಿಗಳು ಬೆಳೆದು ಹಿಂಡಾದವು.

ಅಜ್ಜಾರು ಕತೆ ನಿಲ್ಲಿಸಿದರು.

ಅಂಗೈ ಕೆಂಪಾದ ಕಡೆಯೇ ಅಡವಯ್ಯನ ಮನಸ್ಸು ನಿಂತುಬಿಟ್ಟಿತ್ತು. ಆದರೂ ಚಟ ಬಿಡಬೇಕಲ್ಲ.

“ಎಂಥ ದಡ್ಡನೋ ಅಜ್ಜಾರೇ ಅವನು! ಕಣ್ಣೆದುರಿಗೇ ಮರಿ ಸಾಯುತ್ತಿದ್ದರೂ ನಾಯಿಗೆ ಹಾಲು ಹೊಯ್ದನಲ್ಲ!” ಎಂದು ಲೊಚಗುಟ್ಟಿದ. ಲೊಚಗುಟ್ಟುತ್ತಲೇ, ಆರಿದ ಕಷಾಯವನ್ನು ಬಾತ ಬೆರಳುಗಳಲ್ಲಿ ಹಿಡಿದು ಬಾಯಿಗೆ ಎತ್ತಿದ.

ಅಜ್ಜಾರು ಅಂದರು: “ಲೋಟ ಕೆಳಗಿಡು ಅಡವಯ್ಯ, ನಿನ್ನ ನಾಯಿಗೆ ಹೊಟ್ಟೆ ತುಂಬಿದೆ.”