ಬಾಲವಿದ್ದವರ ನಗರಸಭೆ

ಕಾಡಿನ ನಡುವಿನ ಒಂದು ದೊಡ್ಡ ಕೆರೆಯ ಸುತ್ತ, ಮಕ್ಕಳೇ, ಪ್ರಾಣಿಗಳದೇ ಒಂದು ಪಟ್ಟಣವಿತ್ತು. ಪಟ್ಟಣ ಎಂದ ಮೇಲೆ ನಗರಸಭೆ ಬೇಡವೇ? ಅದೂ ಇತ್ತು. ಗರಿಯಪ್ಪ ಎಂಬ ನವಿಲು ಅಧ್ಯಕ್ಷ, ಉದ್ದಯ್ಯ ಎಂಬ ಮುಸುವ ಉಪಾಧ್ಯಕ್ಷ, ಒಂದು ಮುಂಗುಸಿ ಗುಮಾಸ್ತ. ಎಲ್ಲರೂ ಮೇಲಿನ ದಡದವರೇ. ಅಲ್ಲಿನ ನೀರು ಕನ್ನಡಿಯಂತಿತ್ತು. ಯಾಕಿರುವುದಿಲ್ಲ? ಅವರ ಕೊಳಕನ್ನೆಲ್ಲ ಒಂದು ಚರಂಡಿ ಹೊತ್ತುಕೊಂಡು ಹೋಗಿ, ಕಪ್ಪೆ ಏಡಿಗಳಿದ್ದ ಕೆಳಗೇರಿಗೆ ಸುರಿಯುತ್ತಿತ್ತು.

ಒಂದು ದಿನ ಕೆಳಗೇರಿಯ ಗೊಟರವ್ವ ಎಂಬ ಕಪ್ಪೆಯ ಮರಿಗಳೆಲ್ಲ ಹೊಟ್ಟೆ ಮೇಲಾಗಿ ತೇಲಿದವು. ಅವಳು ಅತ್ತು ಸುಮ್ಮನಾಗಲಿಲ್ಲ. ನೆರೆಯ ಏಡಿ ಇಕ್ಕಳಮ್ಮನನ್ನೂ ಕೇರಿಯವರನ್ನೂ ಕರೆದುಕೊಂಡು ನಗರಸಭೆಗೆ ಹೋದಳು.

ಅಲ್ಲಿ ಸಮಾನತೆ ಸಪ್ತಾಹ ಭರ್ಜರಿಯಾಗಿ ನಡೆದಿತ್ತು. ‘ಕೆರೆಯ ಮಕ್ಕಳೆಲ್ಲ ಒಂದೇ’ ಎಂಬ ಬ್ಯಾನರಿನ ಕೆಳಗೆ ಗರಿಯಪ್ಪ ಗರಿ ಬಿಚ್ಚಿ ನಿಂತಿದ್ದ.

“ಸ್ವಾಮಿ, ಆ ಚರಂಡಿ ಬೇರೆ ಕಡೆ ತಿರುಗಿಸಿ. ನನ್ನ ಮಕ್ಕಳು ಸತ್ತುಹೋದವು,” ಎಂದಳು ಗೊಟರವ್ವ.

“ಅಯ್ಯೋ ಪಾಪ! ನಿಮ್ಮ ಮೇಲೆ ನನಗೆಷ್ಟು ಕಳಕಳಿ ಗೊತ್ತಾ ತಾಯೀ? ಈಗಲೇ ಮತಕ್ಕೆ ಹಾಕೋಣ. ಚರಂಡಿ ತಿರುಗಿಸಬೇಕು ಅನ್ನೋರು ಬಾಲ ಎತ್ತಿ!”

ಹೌದು ಮಕ್ಕಳೇ, ಆ ನಗರಸಭೆಯಲ್ಲಿ ಮತ ಹಾಕುವುದೆಂದರೆ ಬಾಲ ಎತ್ತುವುದು. ಮೇಲಿನ ದಡದ ಒಂದು ಬಾಲವೂ ಅಲುಗಲಿಲ್ಲ. ಕಪ್ಪೆಗಳು ಹಿಂದೆ ತಿರುಗಿ ನೋಡಿಕೊಂಡವು. ಎತ್ತಲು ಏನಿದೆ ಅಲ್ಲಿ?

“ನಮಗೆ ಬಾಲವೇ ಇಲ್ಲವಲ್ಲ ಸ್ವಾಮಿ?”

“ಬೆಳೆಸಿಕೊಳ್ಳಿ ತಾಯೀ! ನಿಯಮ ಎಲ್ಲರಿಗೂ ಒಂದೇ. ನಾವು ಭೇದ ಮಾಡುವವರಲ್ಲ.”

ಬರಿಗೈಯಲ್ಲಿ ಕಳಿಸಬಾರದೆಂದು ಅವಳಿಗೆ ಅಲ್ಲೇ ಸನ್ಮಾನವೂ ಆಯಿತು. ಗೀಜಗ ನೇಯ್ದ ದಪ್ಪ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಕಪ್ಪೆ ಹಣ್ಣು ತಿನ್ನುವುದಿಲ್ಲ. ದಪ್ಪ ಶಾಲು ತೇವ ಹೀರಿ ಮೈ ಒಣಗಿದರೆ ಅದಕ್ಕೆ ಉಸಿರು ಕಟ್ಟುತ್ತದೆ. ಇಷ್ಟೂ ತಿಳಿಯದ ಸದಸ್ಯರು ಚಪ್ಪಾಳೆ ಮಾತ್ರ ಜೋರಾಗಿ ತಟ್ಟಿದರು. ಇಕ್ಕಳಮ್ಮ ಆ ಶಾಲನ್ನು ಕಿತ್ತೆಸೆಯದಿದ್ದರೆ ಗೊಟರವ್ವ ಸನ್ಮಾನದಿಂದಲೇ ಸಾಯುತ್ತಿದ್ದಳು.

ಮಳೆಗಾಲ ಬಂತು. ಮಳೆನೀರು ಸೇರಿ ಚರಂಡಿಯ ಕೊಳಕು ತೆಳುವಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಗೊಟರವ್ವನ ಹೊಸ ಮೊಟ್ಟೆಗಳು ಒಡೆದು ನೀರಿನ ತುಂಬ ಗೊದಮೊಟ್ಟೆಗಳಾದವು. ಅವುಗಳ ಆಟ ನೋಡುತ್ತಿದ್ದವಳು ಥಟ್ಟನೆ ಕೂಗಿದಳು.

“ಇಕ್ಕಳಮ್ಮಾ! ನನ್ನ ಮಕ್ಕಳಿಗೆ ಬಾಲ ಇದೆಯಲ್ಲೇ!”

“ಕಾಲು ಮೂಡೋವರೆಗೆ ಮಾತ್ರ ಕಣವ್ವಾ. ಅಷ್ಟರಲ್ಲಿ ಮಳೆ ನಿಂತರೆ ಮಕ್ಕಳೇ ಉಳಿಯಲ್ಲ. ಬೇಗ ಏನಾದರೂ ಮಾಡು.”

ಗೊಟರವ್ವ ಗರಿಯಪ್ಪನ ಬಳಿ ಓಡಿದಳು. “ಸ್ವಾಮಿ, ಈ ಸಲದ ಸಭೆ ನಮ್ಮ ಕೇರಿಯಲ್ಲೇ ನಡೆಸಿ. ತಮಗೆ ಶಾಲು ಹೊದಿಸಿ ಸನ್ಮಾನ ಮಾಡಬೇಕು ಅಂತಿದ್ದೀವಿ.”

ಗರಿಯಪ್ಪನಿಗೆ ಬಾಯಲ್ಲಿ ನೀರೂರಿತು. ಮಳೆಗಾಲದ ಕೊನೆಗೆ ನವಿಲಿನ ಗರಿ ಉದುರುತ್ತದೆ. ಅವನದೂ ಪೂರ್ತಿ ಉದುರಿ ನಾಚಿಕೆಯಾಗಿತ್ತು. ಶಾಲು ಹೊದ್ದರೆ ಬೋಳು ಮುಚ್ಚುತ್ತದಲ್ಲ ಎಂದುಕೊಂಡ ಜಂಬಗಾರ, ಮೂಗು ಮುಚ್ಚಿಕೊಂಡು ಕೆಳಗೇರಿಗೆ ಇಳಿದ. ಹಿಂದೆಯೇ ಸದಸ್ಯರೂ ಬಂದರು.

ಗೊಟರವ್ವ ಅದೇ ಹಳೆಯ ಶಾಲು ಹೊದಿಸಿ ಕೈಮುಗಿದಳು. “ಚರಂಡಿಯ ವಿಷಯ ಇನ್ನೊಮ್ಮೆ ಮತಕ್ಕೆ ಹಾಕಿ ಸ್ವಾಮಿ.”

“ಅದಕ್ಕೇನಂತೆ! ತಿರುಗಿಸಬೇಕು ಅನ್ನೋರು ಬಾಲ ಎತ್ತಿ!” ಎಂದು ನಕ್ಕ ಗರಿಯಪ್ಪ.

ಗೊದಮೊಟ್ಟೆಗಳು ತಲೆ ಕೆಳಗೆ ಮಾಡಿದವು. ಕೆರೆಯ ಆ ಮೂಲೆಯ ತುಂಬ ಪುಟ್ಟ ಪುಟ್ಟ ಕಪ್ಪು ಬಾಲಗಳು ಎದ್ದು ನಿಂತವು.

“ಇವು ನಿನ್ನೆ ಮೊನ್ನೆ ಹುಟ್ಟಿದವು! ಲೆಕ್ಕಕ್ಕಿಲ್ಲ!” ಎಂದು ಉದ್ದಯ್ಯ ಹಲ್ಲು ಕಡಿದ.

“ನಿಯಮದಲ್ಲಿ ಬಾಲ ಅಂತ ಮಾತ್ರ ಇದೆ, ವಯಸ್ಸಿನ ಮಾತಿಲ್ಲ,” ಎಂದು ಮುಂಗುಸಿ ಗೊಣಗಿತು.

“ನಾನು ಒಪ್ಪಲ್ಲ! ಬೇಡ ಅನ್ನೋರೂ ಬಾಲ ಎತ್ತಿ! ಮೊದಲು ಅಧ್ಯಕ್ಷನ ಮತ ನೋಡಿ!” ಎಂದು ಗರಿಯಪ್ಪ ರಭಸದಿಂದ ಹಿಂಭಾಗ ಎತ್ತಿದ. ಶಾಲು ಜಾರಿತು. ಅಲ್ಲಿ ಒಂದು ಮೊಂಡು ಬಿಟ್ಟರೆ ಏನೂ ಇರಲಿಲ್ಲ. ಅವನ ಕಡೆಯವರೇ ಬಾಯಿ ಮುಚ್ಚಿಕೊಂಡು ನಕ್ಕರು.

“ಬೆಳೆಸಿಕೊಳ್ಳಿ ಸ್ವಾಮಿ,” ಎಂದಳು ಗೊಟರವ್ವ.

ಎಣಿಸಿದರೆ ಗೊದಮೊಟ್ಟೆಗಳ ಬಾಲಗಳೇ ಹೆಚ್ಚು. ಅಂದೇ ಚರಂಡಿ ತಿರುಗಿತು. ಗೆದ್ದ ಹುಮ್ಮಸ್ಸಿನಲ್ಲಿ ಅವಳು ಹೇಳಿದಳು: “ಮಕ್ಕಳ ಬಾಲ ಹೋಗುವ ಮೊದಲೇ ಇನ್ನೊಂದು ನಿಯಮ ಮಾಡೋಣ. ಇನ್ನು ಮೇಲೆ ಬಾಲ ಬೇಡ. ವಟಗುಟ್ಟಿ ಮತ ಹಾಕೋಣ!”

ಇಕ್ಕಳಮ್ಮ ಅವಳ ಕಾಲನ್ನು ಮೆಲ್ಲಗೆ ಚಿವುಟಿದಳು. “ನನಗೆ ವಟಗುಟ್ಟೋಕೆ ಬರುತ್ತೇನವ್ವಾ?”

ಗೊಟರವ್ವನ ಮುಖ ಸಣ್ಣದಾಯಿತು. ತಾನೂ ಗರಿಯಪ್ಪನ ಹಾಗೆಯೇ ಮಾತಾಡಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

“ತಪ್ಪಾಯಿತು ಕಣೇ,” ಎಂದಳು. “ಈ ಕೆರೆಯ ನೀರು ಕುಡಿಯುವವರಿಗೆಲ್ಲ ಮತ ಇರಲಿ. ಹೇಗೆ ಹಾಕೋದು ಅಂತ ನೀನೇ ಹೇಳು.”

ನೀತಿ: ತನ್ನ ಮೈಯಳತೆಗೆ ನಿಯಮ ಹೊಲಿದುಕೊಂಡು ‘ಎಲ್ಲರಿಗೂ ಒಂದೇ’ ಎನ್ನುವುದು ಸಮಾನತೆಯಲ್ಲ, ನ್ಯಾಯ ಕೇಳಿದವರಿಗೆ ಶಾಲು ಹೊದಿಸಿದರೆ ಅದು ನ್ಯಾಯವೂ ಅಲ್ಲ.